ಕೊನೆಯ ಅರ್ಧ ಮೈಲಿ

ಪ್ರೆಸ್ಟನ್ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಸೇತ್ ಆಸ್ಪಿನಾಲ್ ಮೂರನೇ ಚಹಾ ತರಿಸಿಕೊಂಡಾಗ ಗೋಡೆಯ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಜೆಮ್ ಬರಬೇಕಾಗಿದ್ದದ್ದು ಹನ್ನೊಂದಕ್ಕೆ. ತಿಂಗಳ ಮೊದಲ ಗುರುವಾರ, ಕಿಟಕಿಯಿಂದ ದೂರದ ಮೂಲೆಯ ಮೇಜು. ಇಪ್ಪತ್ತೇಳು ವರ್ಷದಿಂದ ಇದೇ ಪದ್ಧತಿ. ಸೇತ್ ಬರುತ್ತಿದ್ದದ್ದು ಲೀ ಊರಿನ ಬಸ್ಸಿನಲ್ಲಿ, ಜೆಮ್ ಕಡಲಂಚಿನ ಫ್ಲೀಟ್‌ವುಡ್‌ನಿಂದ. ಇಬ್ಬರೂ ಒಂದೊಂದು ಮಾಂಸದ ಪೈ ತಿಂದು, ಮಂಡಿನೋವು, ಮೂತ್ರದ ತೊಂದರೆ, ಈ ತಿಂಗಳು ಸತ್ತವರು, ಎಲ್ಲ ಮಾತಾಡಿ ಮುಗಿಸಿ, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು.

“ಏನಜ್ಜ, ನಿಮ್ ತಮ್ಮ ಇವತ್ತು ಕೈಕೊಟ್ರಾ?” ಎಂದಳು ಮೇಜು ಒರೆಸುವವಳು. ಅವರಿಬ್ಬರೂ ಅಣ್ಣತಮ್ಮ ಎಂದೇ ಅವಳ ಲೆಕ್ಕ.

“ಬರ್ತಾನೆ ಕಣಮ್ಮ. ತಡವಾಗಿ ಬರೋದು ಅವನ ಹಳೇ ಚಟ. ಜನ ಕಾದಷ್ಟೂ ಚಪ್ಪಾಳೆ ಜಾಸ್ತಿ ಅಂತಾನೆ.”

ಬರಲಿಲ್ಲ. ಜೆಮ್‌ನ ಮನೆಯ ಫೋನ್ ನಂಬರು ಸೇತ್‌ನ ಕೋಟಿನ ಒಳಜೇಬಿನ ಪುಟ್ಟ ಪುಸ್ತಕದಲ್ಲಿತ್ತು. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಅವನು ಆ ನಂಬರು ತಿರುಗಿಸಿರಲಿಲ್ಲ. ಮಗಳು ನೋರೀನ್ ಎತ್ತಿಕೊಂಡರೆ ಏನೆಂದು ಹೇಳುವುದು? ಇದೆಂಥ ಮೂರ್ಖತನ ಎಂದು ಯಾರಾದರೂ ಕೇಳಬಹುದು. ಹಳೆಯ ಕುಸ್ತಿಯವರನ್ನು ಕೇಳಿ ನೋಡಿ. ಅವರ ಪಾಲಿಗೆ ಅದು ಮೂರ್ಖತನವಲ್ಲ, ಧರ್ಮ.

ವಿಷಯ ಇಷ್ಟೇ. ಜೆಮ್ ಕ್ಯಾಟರಾಲ್ ಒಳ್ಳೆಯವನು, ಸೇತ್ ಆಸ್ಪಿನಾಲ್ ಕೆಟ್ಟವನು. ಹಾಗೆಂದು ಊರೂರಿನ ಗೋಡೆಗೆ ಅಂಟಿಸಿದ್ದ ಭಿತ್ತಿಪತ್ರಗಳು ಹೇಳುತ್ತಿದ್ದವು. ಜೆಮ್‌ಗೆ ಬಿಳಿ ಚಡ್ಡಿ. ಮೀನುದೋಣಿಯಲ್ಲಿ ದುಡಿದು ಮೇಲೆ ಬಂದ ಹುಡುಗ, ಅಜ್ಜಿಯರ ಕಣ್ಮಣಿ. ಸೇತ್‌ಗೆ ಕಪ್ಪು ನಿಲುವಂಗಿ, ಒಂಟಿಗಣ್ಣಿನ ಕನ್ನಡಕ, ‘ಬ್ಯಾರನ್ ಸ್ಟ್ರೋಲ್’ ಎಂಬ ಹೆಸರು. ಜರ್ಮನಿಯ ಕೊಬ್ಬಿದ ಜಮೀನ್ದಾರ! ಕಲ್ಲಿದ್ದಲು ಗಣಿಯವನ ಮಗ ಸೇತ್, ತಾನೂ ಗಣಿಯಲ್ಲಿ ಒಂಬತ್ತು ವರ್ಷ ಕೆಮ್ಮಿದವನು, ಜರ್ಮನಿಯನ್ನು ನಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಅಖಾಡದ ಹಗ್ಗ ಹಿಡಿದು, ಗಂಟಲು ಬಿಗಿದು, ಪುಸ್ತಕ ಓದಿದಂತೆ ಅವನು ಗರ್ಜಿಸುತ್ತಿದ್ದ: “ನಿಮ್ಮ ಈ ದರಿದ್ರ ಊರನ್ನು ನಾನು ಧಿಕ್ಕರಿಸುತ್ತೇನೆ! ನಿಮ್ಮ ಮೀನಿನ ವಾಸನೆಯನ್ನೂ ಧಿಕ್ಕರಿಸುತ್ತೇನೆ!” ಅಷ್ಟು ಸಾಕು, ಜನ ಕುರ್ಚಿ ಬಿಟ್ಟು ಏಳುತ್ತಿದ್ದರು. ಕರಿದ ಆಲೂಗಡ್ಡೆ, ಕಿತ್ತಳೆ ಸಿಪ್ಪೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ಮೈಮೇಲೆ ಬಂದು ಬಿದ್ದಿತ್ತು.

ಇಪ್ಪತ್ತೊಂದು ವರ್ಷದಲ್ಲಿ ಇಬ್ಬರೂ ಆರುನೂರು ಸಲವಾದರೂ ಎದುರುಬದುರಾಗಿರಬೇಕು. ಅದರಲ್ಲಿ ಹೆಚ್ಚುಕಡಿಮೆ ಅಷ್ಟನ್ನೂ ಸೇತ್ ಸೋತ. ಸೋಲುವುದರಲ್ಲಿ ಅವನದು ಎತ್ತಿದ ಕೈ. ಯಾರು ಗೆಲ್ಲಬೇಕು, ಎಷ್ಟನೇ ನಿಮಿಷದಲ್ಲಿ, ಯಾವ ಪಟ್ಟಿನಲ್ಲಿ ಎಂದು ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಾ ತೀರ್ಮಾನವಾಗುತ್ತಿತ್ತು. ಅದನ್ನು ಹೊರಗಿನವರಿಗೆ ಹೇಳಬಾರದು. ಹೆಂಡತಿಗೆ ಹೇಳಬಾರದು, ಹೆತ್ತ ಮಕ್ಕಳಿಗೂ ಹೇಳಬಾರದು. ಒಳ್ಳೆಯವನೂ ಕೆಟ್ಟವನೂ ಒಟ್ಟಿಗೆ ಒಂದು ಬಿಯರ್ ಕುಡಿದದ್ದು ಯಾರ ಕಣ್ಣಿಗಾದರೂ ಬಿದ್ದರೆ ಮರುದಿನದಿಂದ ಇಬ್ಬರಿಗೂ ಕೆಲಸವಿಲ್ಲ.

ಆದರೆ ಸೇತ್‌ಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಜೆಮ್ ಹತ್ತಿರ ಕಾರಿತ್ತು. ಹಾಗಾಗಿ ಅವರದೇ ಒಂದು ಕಟ್ಟಳೆ ಹುಟ್ಟಿತು. ಊರು ಅರ್ಧ ಮೈಲಿ ಇದೆ ಎನ್ನುವಾಗ ಜೆಮ್ ಕಾರು ನಿಲ್ಲಿಸುವನು. ಸೇತ್ ಹಿತ್ತಾಳೆ ಬೀಗದ ಕಂದು ಚರ್ಮದ ಚೀಲ ಹಿಡಿದು ಇಳಿಯುವನು. “ನಿನ್ನ ಜಾಗದಲ್ಲಿ ನಿಂತಿರು, ನಾನು ಬರ್ತೀನಿ” ಎಂದು ಜೆಮ್ ಹೇಳಿ ಹೊರಟುಹೋಗುವನು. ಆ ಕೊನೆಯ ಅರ್ಧ ಮೈಲಿಯನ್ನು ಸೇತ್ ನಡೆಯಬೇಕು, ಮಳೆಯಿರಲಿ, ಮಂಜಿರಲಿ. ಕುಸ್ತಿ ಮುಗಿದ ಮೇಲೆ ಮತ್ತೆ ಅದೇ ಅರ್ಧ ಮೈಲಿ ನಡೆದು ಕಾಯಬೇಕು. ದೀಪ ಎರಡು ಸಲ ಮಿಟುಕಿದರೆ ಅದು ಜೆಮ್‌ನ ಕಾರು. ಸೇತ್ ಹಿಂದಿನ ಸೀಟಿಗೆ ಚೀಲ ಎಸೆದು ಮುಂದೆ ಹತ್ತುವನು. ಸಾವಿರ ಊರಿನ ಬೀದಿಯಲ್ಲಿ ಸವೆದ ಆ ಮಂಡಿಗಳು ಈಗ ಮೆಟ್ಟಿಲು ಕಂಡರೆ ಅಳುತ್ತವೆ.

ಒಮ್ಮೆ ಮಾತ್ರ ಎಡವಟ್ಟಾಯಿತು. ಜೆಮ್‌ನ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಮಗುವನ್ನು ನೋಡಿಕೊಳ್ಳುವವರಿಲ್ಲದೆ ಅವನು ಅದನ್ನು ಹಿಂದಿನ ಸೀಟಿನಲ್ಲಿ ಕಂಬಳಿ ಹೊದಿಸಿ ಮಲಗಿಸಿದ್ದ. ಸೇತ್ ನೋಡದೆ ಚೀಲ ಎಸೆದ. ಕಂಬಳಿ “ಅಯ್ಯೋ ಕಾಲು!” ಎಂದು ಕೂಗಿತು. ಏಳು ವರ್ಷದ ನೋರೀನ್! ಹದಿನೇಳು ಸ್ಟೋನ್, ಅಂದರೆ ನೂರು ಕಿಲೋ ಮೀರಿದ ತೂಕದ ಬ್ಯಾರನ್ ಸ್ಟ್ರೋಲ್ ಸೀಟಿನಿಂದ ಜಾರಿ, ಮೊಣಕಾಲಿಗೆ ಗದ್ದ ತಾಗಿಸಿಕೊಂಡು, ಪ್ರೆಸ್ಟನ್ ರೈಲು ನಿಲ್ದಾಣದವರೆಗೆ ಉಸಿರು ಬಿಡದೆ ಕೂತಿದ್ದ. “ಕನಸು ಪುಟ್ಟೀ, ಮಲ್ಕೋ” ಎಂದು ಜೆಮ್ ದಾರಿಯುದ್ದಕ್ಕೂ ಹೇಳುತ್ತಿದ್ದ. ಆಮೇಲೆ ಎಷ್ಟೋ ವರ್ಷ ಇಬ್ಬರೂ ಅದನ್ನು ನೆನೆಸಿಕೊಂಡು ನಕ್ಕಿದ್ದರು.

ಆ ಗುರುವಾರ ಸೇತ್ ಒಬ್ಬನೇ ಮನೆಗೆ ಮರಳಿದ. ಶನಿವಾರ ಲೀ ಊರಿನ ಗ್ರಂಥಾಲಯದಲ್ಲಿ ಕೂತು, ಜಿಲ್ಲೆಯ ಪತ್ರಿಕೆಯ ಹಿಂದಿನ ಪುಟದಲ್ಲಿ ಬೆರಳಾಡಿಸುತ್ತಾ ಬಂದ. ಕ್ಯಾಟರಾಲ್, ಜೇಮ್ಸ್, ಎಪ್ಪತ್ತನಾಲ್ಕು, ನೋರೀನಳ ತಂದೆ, ‘ಎಂದೂ ಮೋಸ ಮಾಡದ ಕುಸ್ತಿಪಟು’. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಚರ್ಚಿನಲ್ಲಿ ಪ್ರಾರ್ಥನೆ. ಸತ್ತದ್ದು ಮಂಗಳವಾರ. ಸೇತ್ ಮೂರು ಚಹಾ ಕುಡಿದು ಅವನ ತಡಕ್ಕೆ ಬೈದುಕೊಳ್ಳುತ್ತಿದ್ದಾಗ ಜೆಮ್ ಸತ್ತು ಎರಡು ದಿನವಾಗಿತ್ತು. ಹೇಳಿಕಳಿಸಲು ಅವನ ಮನೆಯಲ್ಲಿ ಯಾರಿಗೂ ಸೇತ್ ಏನಾಗಬೇಕೆಂದೇ ಗೊತ್ತಿರಲಿಲ್ಲ.

ಅವನನ್ನು ಮಣ್ಣಿಗೆ ಕಳಿಸುವಾಗ ನಾನು ಇರಬೇಕು ಎಂದುಕೊಂಡ ಸೇತ್. ಪೆಟ್ಟಿಗೆಗೆ ಹೆಗಲು ಕೊಡುವ ಮಾತು ಬೇಡ, ಆ ಕಾಲ ಹೋಯಿತು. ಚರ್ಚಿನ ಹಿಂದಿನ ಸಾಲಿನಲ್ಲಿ ಒಂದು ಜಾಗ. ಅಷ್ಟನ್ನು ಕೇಳಿಕೊಳ್ಳುವುದು.

ಬುಧವಾರ ಕತ್ತಲಿರುವಾಗಲೇ ಎದ್ದು, ಹಳೆಯ ಕಂದು ಚೀಲದಲ್ಲಿ ಕಪ್ಪು ಟೈ, ಎರಡು ಸ್ಯಾಂಡ್‌ವಿಚ್ ಹಾಕಿಕೊಂಡು ಮೂರು ಬಸ್ಸು ಹತ್ತಿಳಿದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ಜೆಮ್‌ನ ಬೀದಿಗೆ ಬಂದಾಗ ಒಂಬತ್ತೂವರೆ. ಪಕ್ಕದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕಪ್ಪು ಟೋಪಿ ಧರಿಸಿ, ಶವಕ್ಕೆಂದು ಬಂದ ಹೂವಿನ ಚಕ್ರಗಳನ್ನು ಎಣಿಸುತ್ತಾ ಒಬ್ಬ ಮುದುಕಿ ಕೂತಿದ್ದಳು. ತೊಂಬತ್ತರ ಹತ್ತಿರ ಇರಬೇಕು. ಸೇತ್‌ನ ಮುಖ ನೋಡಿದಳು, ಆಮೇಲೆ ಕಿವಿ ನೋಡಿದಳು. ಕುಸ್ತಿಯಲ್ಲಿ ಹಿಸುಕಿ ಹಿಸುಕಿ ಮುದ್ದೆಯಾದ ಆ ಕಿವಿಗಳನ್ನು ಬಚ್ಚಿಡಲು ಯಾವ ಟೋಪಿಗೂ ಸಾಧ್ಯವಿರಲಿಲ್ಲ.

“ಲೋ! ನೀನು ಆ ದರಿದ್ರ ಬ್ಯಾರನ್ ಅಲ್ವೇನೋ?”

ಸೇತ್ ನಿಂತ. ಈ ದನಿಯನ್ನು ಅವನು ಬಲ್ಲ. ಮೊದಲ ಸಾಲು, ಎಡಗಡೆಯ ಮೂಲೆ, ಮಿಸೆಸ್ ಸ್ವಾರ್‌ಬ್ರಿಕ್.

“ನೆನಪಿಲ್ವಾ ನಾನು? ನಿನ್ನ ಕುಂಡೆಗೆ ಟೋಪಿ ಪಿನ್ನು ಚುಚ್ಚಿದೋಳು! ಅರವತ್ತೊಂದನೇ ಇಸವಿ, ಈಸ್ಟರ್ ಸೋಮವಾರ.”

ಸುಸ್ತಾಗಿತ್ತು ಅವನಿಗೆ. ಆದರೂ ಬೆನ್ನು ತಾನಾಗಿ ನೆಟ್ಟಗಾಯಿತು, ಗಂಟಲು ತಾನಾಗಿ ಬಿಗಿಯಿತು. “ಆ ಗಾಯವು ಇನ್ನೂ ಮಾಸಿಲ್ಲ, ಮಹಿಳೆಯೇ.”

“ಮಾಸಬಾರ್ದು!” ಮುದುಕಿಯ ಮುಖ ಅರಳಿತು. “ಇವತ್ತೂ ಟೋಪೀಲಿ ಪಿನ್ನಿದೆ, ಹುಷಾರು!”

ಆ ಗದ್ದಲಕ್ಕೆ ಪಕ್ಕದ ಬಾಗಿಲು ತೆರೆಯಿತು. ಕಪ್ಪು ಉಡುಪಿನ ನಲವತ್ತರ ಹೆಂಗಸು. ಜೆಮ್‌ನದೇ ಗದ್ದ, ಜೆಮ್‌ನದೇ ತಿಳಿಗಣ್ಣು. ಕಂಬಳಿಯೊಳಗೆ ಕೂಗಿದ ಮಗುವನ್ನು ಸೇತ್ ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

“ನೀನಾ?” ಎಂದಳು ನೋರೀನ್.

“ಅಮ್ಮಾ, ನಾನು ನಿಮ್ಮಪ್ಪನ…”

ಗೆಳೆಯ ಎಂಬ ಮಾತು ಬಾಯಿಗೆ ಬರಲಿಲ್ಲ. ಅವಳ ಹೆಗಲಾಚೆ ಗೋಡೆಯ ಮೇಲೆ ದೊಡ್ಡ ಚೌಕಟ್ಟಿನ ಚಿತ್ರವಿತ್ತು. ಜೆಮ್ ಎರಡೂ ತೋಳು ಮೇಲೆತ್ತಿ ನಿಂತಿದ್ದಾನೆ, ಅವನ ಒಂದು ಕಾಲು ನೆಲಕ್ಕುರುಳಿದ ಬ್ಯಾರನ್ನನ ಎದೆಯ ಮೇಲಿದೆ. ಆ ಹೊತ್ತು ತಾನು ಹಲ್ಲುಕಚ್ಚಿ ಪಿಸುಗುಟ್ಟಿದ್ದು ಸೇತ್‌ಗೆ ನೆನಪಾಯಿತು: ಕಾಲು ಸ್ವಲ್ಪ ಮೇಲಿಡೋ, ಪಕ್ಕೆ ನೋಯ್ತಿದೆ.

“ನಮ್ಮಪ್ಪನ ಏನು? ಹೇಳು!” ಎಂದಳು ನೋರೀನ್. “ನೂರಾರು ಸಲ ಅವರು ನಿನ್ನನ್ನ ನ್ಯಾಯವಾಗಿ ಸೋಲ್ಸಿದ್ರು. ಅದು ಸಹಿಸಕ್ಕಾಗ್ದೆ ನೀನು ಗಂಟೆ ಹೊಡೆದ ಮೇಲೆ ಹಿಂದಿಂದ ಬಂದು ಭುಜ ಮುರಿದೆ. ಮೊದಲ ಸಾಲಲ್ಲಿ ಕೂತಿದ್ದೆ ನಾನು, ಹದಿನಾಲ್ಕು ವರ್ಷ ನಂಗೆ. ಆ ಲಟಕ್ ಅನ್ನೋ ಸದ್ದು ಇವತ್ತಿಗೂ ನಿದ್ದೇಲಿ ಕೇಳ್ಸುತ್ತೆ. ಆಮೇಲೆ ಅಪ್ಪ ಆ ಕೈನ ತಲೆ ಮೇಲೆ ಎತ್ತಲೇ ಇಲ್ಲ, ಗೊತ್ತಾ? ನನ್ನ ಮಗನ್ನ ಒಂದು ಸಲ ಎತ್ತಿ ಆಡ್ಸಕ್ಕಾಗ್ಲಿಲ್ಲ ಅವರಿಗೆ.”

ಆ ಲಟಕ್ ಸದ್ದು ಐಸ್‌ಕ್ಯಾಂಡಿಯ ಎರಡು ಕಡ್ಡಿಗಳದು. ಸೇತ್ ಅವನ್ನು ಅಂಗೈಯಲ್ಲಿ ಅಡಗಿಸಿಕೊಂಡು ಮುರಿದಿದ್ದ. ಜೆಮ್‌ನ ಭುಜ ಅದಕ್ಕೂ ಎರಡು ವರ್ಷ ಮೊದಲೇ ಸವೆದುಹೋಗಿತ್ತು. ಬಟ್ಟೆ ಹಾಕಿಕೊಳ್ಳುವಾಗ ಸೇತ್‌ನೇ ತೋಳು ತೂರಿಸಿಕೊಡಬೇಕಾಗಿತ್ತು. “ಮುದುಕನಾಗಿ ತೆವಳಿಕೊಂಡು ಹೋದ್ರೆ ನಾಳೆ ಯಾರೂ ನೆನೆಯಲ್ಲ ಸೇತ್” ಎಂದಿದ್ದ ಜೆಮ್. “ನೀನೇ ಮುಗಿಸಿಬಿಡು. ನಮ್ಮೂರಲ್ಲೇ, ಎಲ್ಲರ ಮುಂದೆ.” ಮುಗಿಸಿದ. ಊರು ಅತ್ತಿತು. ಜೆಮ್ ಇಪ್ಪತ್ತೇಳು ವರ್ಷ ಆ ಊರಿನಲ್ಲಿ ರಾಜನಂತೆ ಬಾಳಿದ. ಸೇತ್ ಮತ್ತೆ ಅಲ್ಲಿಗೆ ಕಾಲಿಡಲಿಲ್ಲ.

ಈಗ ಎರಡು ಮಾತು ಹೇಳಿದರೆ ಸಾಕು, ಹಿಂದಿನ ಸಾಲಿನಲ್ಲಿ ಜಾಗ ಸಿಗುತ್ತದೆ. ಆದರೆ ಆ ಎರಡು ಕಡ್ಡಿಗಳನ್ನು ಹೊರಗೆಳೆದರೆ ಗೋಡೆಯ ಮೇಲಿನ ಚಿತ್ರವೂ ಕೆಳಗೆ ಬರುತ್ತದೆ. ಅಪ್ಪನನ್ನು ಹೂಳುವ ದಿನವೇ ಅವಳಿಂದ ಅಪ್ಪನ ಗೆಲುವನ್ನೆಲ್ಲ ಕಿತ್ತುಕೊಳ್ಳುವುದೇ? ಜೆಮ್ ಮನೆಯಲ್ಲೂ ಬಾಯಿ ಬಿಡದೆ ಕಾಪಾಡಿಕೊಂಡು ಬಂದದ್ದನ್ನು ಹೊಸಿಲ ಮೇಲೆ ನಿಂತು ಒಡೆಯುವುದೇ? ಸೇತ್‌ಗೆ ಅಳು ಬಂತು. ಅದನ್ನು ನುಂಗಿ ಎದೆ ಸೆಟೆಸಿದ.

“ಹೌದು. ಆ ಭುಜವನ್ನು ಮುರಿದವನು ನಾನೇ. ನ್ಯಾಯವಾಗಿ ನಿನ್ನ ತಂದೆಯನ್ನು ಗೆಲ್ಲುವ ಶಕ್ತಿ ನನಗಿರಲಿಲ್ಲ. ಅದನ್ನು ತಿಳಿಸಲೆಂದೇ ಬಂದೆನು.”

ನೋರೀನ್ ಅವನ ಮುಖವನ್ನಷ್ಟೇ ದುರುಗುಟ್ಟಿ ನೋಡಿದಳು. “ಹೇಳಿಯಾಯ್ತಲ್ಲ, ಹೊರಡು. ಚರ್ಚಿನ ಹತ್ರ ಎಲ್ಲಾದ್ರೂ ಕಂಡ್ರೆ ನಾನೇ ಕತ್ತು ಹಿಡಿದು ದಬ್ತೀನಿ.”

ಬಾಗಿಲು ಮುಚ್ಚಿತು. “ಸರಿಯಾಗಿ ಹೇಳಿದ್ಲು ಹುಡುಗಿ!” ಎಂದಳು ಮಿಸೆಸ್ ಸ್ವಾರ್‌ಬ್ರಿಕ್. ಆದರೆ ದನಿಯಲ್ಲಿ ಮೊದಲಿನ ಖಾರವಿರಲಿಲ್ಲ. “ಲೋ, ನಿನ್ನ ಮಂಡಿ ಯಾಕೋ ಹಾಗೆ ನಡುಗ್ತಿದೆ?”

ಸೇತ್ ನಡೆದ. ಎಲ್ಲಿಗೆಂದು ಯೋಚಿಸಲಿಲ್ಲ, ಕಾಲಿಗೆ ಗೊತ್ತಿತ್ತು. ಕುಸ್ತಿ ನಡೆಯುತ್ತಿದ್ದ ಸಭಾಂಗಣ ದಾಟಿ, ಕಡಲ ಗಾಳಿಗೆ ತಲೆತಗ್ಗಿಸಿ, ದಾರಿಯಲ್ಲಿ ಎರಡು ಸಲ ಗೋಡೆಗೆ ಒರಗಿ ಉಸಿರು ತೆಗೆದುಕೊಂಡು, ಗಾಲ್ಫ್ ಮೈದಾನದ ಪಕ್ಕದ ಹಳೆಯ ತಂಗುದಾಣಕ್ಕೆ ಬಂದ. ಹಸಿರು ಬಣ್ಣದ ಬೆಂಚು, ಒಡೆದ ಗಾಜು, ಮಾಡಿನ ಅಂಚಿನಲ್ಲಿ ತುಕ್ಕು. ಫ್ಲೀಟ್‌ವುಡ್‌ನಲ್ಲಿ ಅವನು ಕಾಯುತ್ತಿದ್ದ ಜಾಗ ಇದೇ. ಸಮಾಧಿ ಭೂಮಿಗೆ ಹೋಗುವ ರಸ್ತೆಯೂ ಇದೇ. ಮುಂದೆ ಇನ್ನು ಅರ್ಧ ಮೈಲಿ.

ಗಾಡಿ ಹೋಗುವಾಗ ಎದ್ದು ನಿಂತು ಟೋಪಿ ತೆಗೆದರಾಯಿತು, ಅಷ್ಟು ಸಾಕು ಎಂದು ತನಗೆ ತಾನೇ ಹೇಳಿಕೊಂಡ. ಸಾಕಾಗಿರಲಿಲ್ಲ. ಗೆಳೆಯನನ್ನು ರಸ್ತೆ ಬದಿಯಿಂದ ಅಪರಿಚಿತನ ಹಾಗೆ ಕಳಿಸಿಕೊಡುವುದು ಯಾರಿಗೆ ಸಾಕಾಗುತ್ತದೆ? ಹೋದ ವಸಂತದಲ್ಲಿ ಕ್ಯಾಂಟೀನಿನ ಮೇಜಿನಿಂದ ಏಳುವಾಗ ಜೆಮ್, ಎಷ್ಟೋ ವರ್ಷದ ಮೇಲೆ, ಇದ್ದಕ್ಕಿದ್ದಂತೆ ಆ ಹಳೇ ಮಾತು ಹೇಳಿದ್ದ. “ನಿನ್ನ ಜಾಗದಲ್ಲಿ ನಿಂತಿರು ಸೇತ್, ನಾನು ಬರ್ತೀನಿ.” ಮುದುಕನಿಗೆ ಅರಳುಮರಳು ಎಂದು ಸೇತ್ ನಕ್ಕು ಬಸ್ಸು ಹತ್ತಿದ್ದ.

ಟೈ ಕಟ್ಟಿಕೊಂಡ. ಅರ್ಧ ಸ್ಯಾಂಡ್‌ವಿಚ್ ತಿಂದ, ಉಳಿದದ್ದನ್ನು ಚೀಲಕ್ಕೆ ಹಾಕಿದ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ರಸ್ತೆಯ ತಿರುವಿನಲ್ಲಿ ಕಪ್ಪು ಗಾಡಿ ಕಾಣಿಸಿತು. ಅದರ ಹಿಂದೆ ಒಂದು ಕಪ್ಪು ಕಾರು, ಆಮೇಲೆ ಊರಿನವರ ಸಾಲು ಸಾಲು ಕಾರು. ಸೇತ್ ಬೆಂಚಿನ ಹಿಡಿಕೆ ಹಿಡಿದು ಎದ್ದು ಟೋಪಿ ತೆಗೆದ.

ಹೆಣದ ಗಾಡಿಯ ದೀಪ ಎರಡು ಸಲ ಮಿಟುಕಿತು.

ತಲೆಗೆ ಅರ್ಥವಾಗುವ ಮೊದಲೇ ಕೈ ಚೀಲ ಎತ್ತಿಕೊಂಡಿತ್ತು, ಕಾಲು ರಸ್ತೆಯ ಅಂಚಿಗೆ ಬಂದಿತ್ತು. ಗಾಡಿ ನಿಧಾನವಾಗಿ ಬಂದು ಸರಿಯಾಗಿ ಅವನ ಮುಂದೆ ನಿಂತಿತು. ಹಿಂದೆ ಗಾಜಿನೊಳಗೆ ಪೆಟ್ಟಿಗೆ, ಮುಂದೆ ಚಾಲಕನ ಪಕ್ಕದ ಸೀಟು ಖಾಲಿ. ಬೋಳುತಲೆಯ ಚಾಲಕ ಕಿಟಕಿ ಇಳಿಸಿದ.

“ಮಿಸ್ಟರ್ ಕ್ಯಾಟರಾಲ್ ಹೋದ ವರ್ಷ ನಮ್ಮ ಶವಸಂಸ್ಕಾರದ ಅಂಗಡಿಗೆ ಬಂದು ತಾವೇ ಬರೆಸಿಟ್ಟಿದ್ರು, ಸ್ವಾಮಿ. ಈ ತಂಗುದಾಣದ ಹತ್ರ ದೀಪ ಎರಡು ಸಲ ಹಾಕಿ ನಿಲ್ಲಿಸ್ಬೇಕು, ಮುಂದಿನ ಸೀಟು ಖಾಲಿ ಇಡ್ಬೇಕು ಅಂತ. ಯಾರೂ ಇಲ್ದಿದ್ರೆ ಒಂದು ನಿಮಿಷ ಕಾದು ಹೊರಡಿ ಅಂದಿದ್ರು.”

ಹಿಂದಿನ ಕಾರಿನ ಬಾಗಿಲು ಧಡ್ ಎಂದು ತೆರೆದು ನೋರೀನ್ ಇಳಿದು ಬಂದಳು. ಸಿಟ್ಟಿನಿಂದಲೇ ಬಂದಳು, ಆಮೇಲೆ ಹೆಜ್ಜೆ ಸಡಿಲಿತು. ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಕೈಯಲ್ಲಿದ್ದ ಚೀಲವನ್ನು. ಕಂದು ಚರ್ಮ, ಹಿತ್ತಾಳೆಯ ದೊಡ್ಡ ಬೀಗ.

“ಇಲ್ಲಿ ಒಂದು ನಿಮಿಷ ನಿಲ್ಸಿ ಅಂತ ಅಪ್ಪ ಬರೆಸಿದ್ದು ಕಡಲು ನೋಡಕ್ಕೆ ಅಂದ್ಕೊಂಡಿದ್ದೆ” ಎಂದಳು ಯಾರಿಗೋ ಎಂಬಂತೆ. ಆಮೇಲೆ, “ಆ ಬೀಗ ನನ್ನ ಕಾಲಿಗೆ ಹೊಡೆದಿತ್ತು. ಒಂದು ವಾರ ನೀಲಿಗಟ್ಟಿತ್ತು. ಅಪ್ಪ ಕನಸು ಅಂತಿದ್ರು… ಕನಸಲ್ಲಿ ಬಿದ್ದ ಪೆಟ್ಟು ಯಾಕಪ್ಪಾ ನೀಲಿಗಟ್ಟುತ್ತೆ ಅಂತ ಕೇಳಿದ್ದೆ ನಾನು.”

“ಕತ್ತಲಿತ್ತು ಕಣಮ್ಮ” ಎಂದ ಸೇತ್. ದನಿ ತನ್ನದೇ ಆಗಿತ್ತು, ಗಣಿ ಊರಿನ ಮುದುಕನದು. “ಕಂಬಳಿ ಒಳಗೆ ನೀನಿದ್ದೀಯ ಅಂತ ನೋಡ್ಲಿಲ್ಲ. ಇಷ್ಟು ವರ್ಷ ಕ್ಷಮೆ ಕೇಳಕ್ಕೂ ಆಗ್ಲಿಲ್ಲ.”

ನೋರೀನ್ ಗಾಜಿನೊಳಗಿನ ಪೆಟ್ಟಿಗೆಯನ್ನು ನೋಡಿದಳು. ತಂಗುದಾಣ ನೋಡಿದಳು. ಹಿಂದೆ ನಿಂತ ಕಾರುಗಳ ಕಿಟಕಿಗಳಿಂದ ಊರಿಗೆ ಊರೇ ಕತ್ತು ಚಾಚಿತ್ತು.

“ಹಾಗಾದ್ರೆ ಭುಜ?” ಎಂದಳು ಮೆಲ್ಲಗೆ.

ಸೇತ್ ಕಷ್ಟಪಟ್ಟು ಬೆನ್ನು ನೆಟ್ಟಗೆ ಮಾಡಿದ. “ಅದನ್ನು ನಾನೇ ಮುರಿದೆನು” ಎಂದ. ಬ್ಯಾರನ್ನನ ದನಿಯಲ್ಲಿ ಹೇಳಲು ಹೋದ, ಅದು ಅರ್ಧಕ್ಕೇ ಒಡೆಯಿತು.

ಅವಳ ಕಣ್ಣು ತುಂಬಿ ಬಂದಿತ್ತು. “ಸರಿ” ಎಂದಳು. “ನೀವೇ ಮುರಿದಿದ್ದು. ನಾನೂ ನೋಡಿದೀನಲ್ಲ.” ಅವನ ಕೈಯಿಂದ ಚೀಲ ತೆಗೆದುಕೊಂಡಳು, ಗಾಡಿಯ ಮುಂಬಾಗಿಲು ತೆರೆದು ಹಿಡಿದಳು. “ಹತ್ತಿ.”

“ಬೇಡಮ್ಮ. ಜನ ನೋಡ್ತಿದಾರೆ.”

“ನೋಡ್ಲಿ ಬಿಡಿ.”

ಹತ್ತಲು ಎರಡು ಸಲ ಪ್ರಯತ್ನಿಸಬೇಕಾಯಿತು. ಮೊಣಕೈ ಹಿಡಿದು ಅವಳೇ ಹತ್ತಿಸಿದಳು. ಸೀಟು ಮೆತ್ತಗಿತ್ತು, ಬೆಚ್ಚಗಿತ್ತು. ಗಾಡಿ ಹೊರಟಿತು. ಸೇತ್ ಹಿಂದಿರುಗಿ ನೋಡಲಿಲ್ಲ. ಕಾರಿನಲ್ಲಿ ಕೂತಾಗ ಜೆಮ್ ಕಡೆ ತಿರುಗಿ ಮಾತಾಡುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ, ಇಬ್ಬರೂ ರಸ್ತೆ ನೋಡುತ್ತಲೇ ಮಾತಾಡುತ್ತಿದ್ದರು. “ತಡ ಮಾಡ್ದೆ ಕಣೋ ನೀನು” ಎಂದ ಮುಂದಿನ ಗಾಜಿನ ಕಡೆ ಮುಖ ಮಾಡಿಕೊಂಡು. ಚಾಲಕ ಕೇಳದವನಂತೆ ಗಾಡಿ ಓಡಿಸಿದ.

ಸಮಾಧಿ ಭೂಮಿಯ ಗೇಟಿನಲ್ಲಿ ಮೊದಲೇ ಬಂದು ಸೇರಿದ್ದ ಜನ ಟೋಪಿ ತೆಗೆದರು. ಮುಂದಿನ ಸೀಟಿನಲ್ಲಿದ್ದವನ ಕಿವಿ ಕಂಡು ಅವರಲ್ಲಿ ಗುಸುಗುಸು ಎದ್ದಿತು. ಮುಂದುಗಡೆ ಗಾಲಿಕುರ್ಚಿಯಲ್ಲಿ ಕೂತಿದ್ದ ಮಿಸೆಸ್ ಸ್ವಾರ್‌ಬ್ರಿಕ್ ಕಣ್ಣು ಕಿರಿದು ಮಾಡಿ ನೋಡಿದಳು, ಬಾಯಿಗೆ ಕೈ ಅಡ್ಡವಿಟ್ಟಳು, ತಡೆಯಲಾರದೆ ತೆಗೆದಳು.

“ಬೂ!” ಎಂದು ಮೊದಲ ಸಾಲಿನಿಂದ ಕೂಗುತ್ತಿದ್ದಂತೆಯೇ ಕೂಗಿದಳು. “ಬೂ… ಥೂ ನಿನ್ನ!” ಎನ್ನುತ್ತಲೇ ಅಳತೊಡಗಿದಳು.

ಸೇತ್ ಕಿಟಕಿಯ ಗಾಜಿಗೆ ಮುಷ್ಟಿ ಎತ್ತಿ ತೋರಿಸಿದ. ಅವಳಿಗೆ ಅದು ಸಲ್ಲಬೇಕಾದದ್ದೇ. ಆಮೇಲೆ ಮುಷ್ಟಿ ಬಿಚ್ಚಿ ಅದೇ ಕೈಯಿಂದ ಕಣ್ಣು ಒರೆಸಿಕೊಂಡ. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ಜೆಮ್ ಜೊತೆ, ಹಾಡಹಗಲಲ್ಲಿ, ಬಾಗಿಲವರೆಗೂ ಬಂದಿದ್ದ.